ಕೊನೆಯ ಪುಟ ಇಲ್ಲದ ಕಥೆಗಳು

ನಮ್ಮ ಯಜಮಾನರು ಮೂರನೇ ತರಗತಿಯ ಮೇಷ್ಟ್ರು. ಮಕ್ಕಳಿಗೆ ಹಳೆಯ ಮಕ್ಕಳ ಪತ್ರಿಕೆಗಳನ್ನು ಕೊಟ್ಟು ಓದಿಸುತ್ತಿದ್ದರು. ಪತ್ರಿಕೆ ಮನೆಗೆ ತಂದ ಕೂಡಲೇ ಪ್ರತಿ ಕಥೆಯ ಕೊನೆಯ ಪುಟವನ್ನು ಬ್ಲೇಡಿನಿಂದ ಕತ್ತರಿಸಿ ಒಲೆಗೆ ಹಾಕುವರು. ಮುಂದೇನಾಯಿತು ಎಂದು ಮಕ್ಕಳೇ ಬರೆಯಬೇಕು.

"ಒಳ್ಳೇ ಕಥೆ ಕುತ್ತಿಗೆ ಕೊಯ್ತೀರಲ್ರೀ" ಎಂದು ನಾನು ರೇಗಿಸಿದರೆ, "ಸುಮ್ನಿರೇ, ಮಕ್ಕಳು ಹೊಸ ತಲೆ ಅಂಟಿಸ್ತಾರೆ" ಎನ್ನುವರು.

ಅವರು ತೀರಿಕೊಂಡ ಮೇಲೆ ಹೊಸ ಮೇಷ್ಟ್ರು ಆ ಪತ್ರಿಕೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮನೆಗೆ ತಂದರು.

"ಎಲ್ಲಾ ಹರಿದುಹೋಗಿದೆ ಅಮ್ಮಾ, ರದ್ದಿಗೆ ಹಾಕ್ಬಿಡಿ."

ಮರುದಿನ ಚೀಲ ಹೊತ್ತು ಶಾಲೆಗೆ ಹೋದೆ. ನಾನು ಕಲಿತದ್ದು ಎರಡನೇ ತರಗತಿ. ಆದರೂ ಮಕ್ಕಳ ಮುಂದೆ ನಿಂತು, ಅಕ್ಷರ ಕೂಡಿಸಿಕೊಂಡು ಒಂದು ಕಥೆ ಓದಿದೆ. ದೋಣಿ ನಡುನೀರಿನಲ್ಲಿ ಇರುವಾಗಲೇ ಪುಟ ಮುಗಿಯಿತು. ಯಾರೂ ಹೇಳದೆಯೇ ಮಕ್ಕಳು ಪೆನ್ಸಿಲ್ ತೆಗೆದು ಬರೆಯಲು ಕುಳಿತರು.

ಹೊಸ ಮೇಷ್ಟ್ರು ಗಡಿಯಾರ ನೋಡಿದರು. "ಇವತ್ತೊಂದು ದಿನ ಬರೀಲಿ ಬಿಡಿ. ಹೋಗ್ತಾ ಚೀಲ ತಗೊಂಡು ಹೋಗಿ ಅಮ್ಮಾ."

ಚೀಲ ಅಲ್ಲೇ ಬಿಟ್ಟು ಬಂದೆ. ಮಕ್ಕಳಿಗೆ ಓದಿಸುತ್ತಿದ್ದಾರೋ, ರದ್ದಿಗೆ ಹಾಕಿದರೋ, ಹೋಗಿ ಕೇಳುವ ಧೈರ್ಯ ಇನ್ನೂ ಬಂದಿಲ್ಲ.