ಕ್ಯಾಸ್ ಡೂಡೆಕ್‌ನ ನಾಲ್ಕು ಮೈಲಿ

ಮೀನಿನ ವಿಷಯ ಬಿಟ್ಟರೆ ಕ್ಯಾಸ್ ಡೂಡೆಕ್ ಬೇರೆ ಯಾವುದಕ್ಕೂ ಸುಳ್ಳು ಹೇಳಿದವನಲ್ಲ. ಈರಿ ಸರೋವರದ ಪಶ್ಚಿಮ ದಡದಲ್ಲಿ ಅದನ್ನು ಯಾರೂ ದೋಷವೆನ್ನುವುದಿಲ್ಲ. ವಾಲೈ ಮೀನು ಎಲ್ಲಿ ಸಿಕ್ಕಿತೆಂದು ಕೇಳಿದರೆ ಇಲ್ಲಿನ ಪಾದ್ರಿಯೂ 'ನೀರಿನಲ್ಲಿ' ಎಂದು ಮಾತು ಮುಗಿಸುತ್ತಾನೆ.

ಕ್ಯಾಸ್ ಮೊದಲು ಗಾಜಿನ ಕಾರ್ಖಾನೆಯಲ್ಲಿದ್ದ. ಆಮೇಲೆ ದೋಣಿ ಕೊಂಡು, ಗಾಳದ ಹುಚ್ಚಿನ ಪೇಟೆಯವರನ್ನು ಸರೋವರಕ್ಕೆ ಕರೆದೊಯ್ಯುತ್ತ ಇಪ್ಪತ್ತೆರಡು ವರ್ಷ ಕಳೆದ. ದೋಣಿ ನಿಲ್ಲಿಸಿ ಗಾಳ ಹಾಕುವವರನ್ನು ಕಂಡರೆ ಅವನಿಗೆ ಅಸಡ್ಡೆ. ವಾಲೈಗೆ ಗಾಳವನ್ನು ದೋಣಿಯ ಹಿಂದೆ ಎಳೆಯುತ್ತ ಹೋಗಬೇಕು, ಅದೂ ಮುದುಕ ಚರ್ಚಿಗೆ ನಡೆದ ಹಾಗೆ ನಿಧಾನವಾಗಿ. ಎರಡೂ ಬದಿಗೆ ಕಿತ್ತಳೆ ಬಣ್ಣದ ಹಲಗೆ ಬಿಟ್ಟರೆ ಅವು ನೀರನ್ನು ಸೀಳುತ್ತ ದೋಣಿಯಿಂದ ದೂರ ಸರಿದು ಸಾಗುತ್ತವೆ. ಅವುಗಳ ಹಗ್ಗಕ್ಕೆ ಸಿಕ್ಕಿಸಿದ ಗಾಳಗಳು ಎಂಜಿನ್ ಸದ್ದಿಗೆ ಬೆದರಿ ಪಕ್ಕಕ್ಕೆ ಸರಿದ ಮೀನಿನ ಬಾಯಿಗೇ ಹೋಗುತ್ತವೆ. ಚಳಿಗಾಲವಿಡೀ ಅವನು ಅಡುಗೆಮನೆಯ ಮೇಜಿನ ಮೇಲೆ ಗಾಳ ಕಟ್ಟುತ್ತಿದ್ದ: ಎರಡು ಕೊಕ್ಕೆ, ಐದು ಮಣಿ, ಗಿರಗಿರ ತಿರುಗುವ ತಾಮ್ರದ ಒಂದು ತಗಡು. ಹೆಂಡತಿ ಲಿಯೋನಾಳ ಹಿಟ್ಟಿನಲ್ಲಿ ಮಣಿ ಸಿಕ್ಕಿದ ದಿನ ಮನೆಯಲ್ಲಿ ಮಹಾಯುದ್ಧವೇ.

ಲಿಯೋನಾಳ ತಮ್ಮ ಬ್ರೂನೋನದೂ ಅದೇ ಕಸುಬು. ಭಾವ, ಭಾವಮೈದ ಬೇರೆ ಬೇರೆ ದೋಣಿಯಲ್ಲಿದ್ದರೂ ಮೀನು ಸಿಕ್ಕಿದ ಜಾಗ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಆದರೆ ರೇಡಿಯೋದಲ್ಲಿ ಹೇಳಿದ್ದು ಊರಿಗೆಲ್ಲ ಕೇಳುತ್ತದೆ. ಕೇಳಿಸಿತೋ, ದೋಣಿಗಳು ಬೆಲ್ಲಕ್ಕೆ ನೊಣ ಮುತ್ತಿದಂತೆ ಮುತ್ತುತ್ತವೆ. ಅದಕ್ಕೇ ಇಬ್ಬರೂ ಒಂದು ಲೆಕ್ಕ ಮಾಡಿಕೊಂಡಿದ್ದರು: ದೀಪಸ್ತಂಭದಿಂದ ಎಷ್ಟು ಮೈಲಿ ಎನ್ನುತ್ತಾರೋ ಅದರಲ್ಲಿ ನಾಲ್ಕು ಕಳೆಯಬೇಕು.

"ಭಾವ, ಹನ್ನೊಂದು ಮೈಲೀಲಿದೀನಿ. ಬರೀ ಕಸ ಸಿಗ್ತಿದೆ," ಎನ್ನುತ್ತಿದ್ದ ಬ್ರೂನೋ.

"ಹಂಗಾದ್ರೆ ಮನೆಗೆ ಹೋಗಿ ಮಲ್ಕೊಳೋ, ದಂಡಪಿಂಡ," ಎಂದು ಕ್ಯಾಸ್ ಸದ್ದಿಲ್ಲದೆ ಏಳನೆಯ ಮೈಲಿಗೆ ದೋಣಿ ತಿರುಗಿಸುತ್ತಿದ್ದ. ಕಸವೆಂದರೆ ರಾಶಿ ಮೀನೆಂದೇ ತಿಳಿದ ಉಳಿದವರು ಹನ್ನೊಂದಕ್ಕೆ ಹೋಗಿ ಕಸವನ್ನೇ ಹಿಡಿಯುತ್ತಿದ್ದರು. ಹದಿನಾರು ವರ್ಷ ಈ ಲೆಕ್ಕ ಒಮ್ಮೆಯೂ ಕೈಕೊಡಲಿಲ್ಲ.

ಎಂಬತ್ತೇಳರ ಏಪ್ರಿಲ್. ಮಂಜುಗಡ್ಡೆ ಕರಗಿ ಮೂರು ವಾರವಾಗಿತ್ತಷ್ಟೆ. ಮೀನು ಎಲ್ಲಿದೆ ನೋಡಿ ಬರಲು ಇಬ್ಬರೂ ಒಬ್ಬೊಬ್ಬರೇ ಹೊರಟಿದ್ದರು. ಹತ್ತು ಗಂಟೆಗೆ ಗಾಳಿ ತಿರುಗಿತು, ಮಳೆ ಕವಿಯಿತು, ದೋಣಿಯ ಮೂತಿಯೇ ಕಾಣದಾಯಿತು. ಕ್ಯಾಸ್ ಗಾಳ ಎಳೆದುಕೊಳ್ಳುತ್ತಿದ್ದಾಗ ರೇಡಿಯೋ ಕಿರುಚಿತು.

"ಭಾವ! ಎಂಟು ಮೈಲಿ! ದೀಪದಿಂದ ನೇರ ಉತ್ತರಕ್ಕೆ ಎಂಟು! ಹಿಂದಿನಿಂದ ಅಲೆ ನುಗ್ಗಿ ನೀರು ತುಂಬ್ತಿದೆ, ಬೇಗ ಬಾ—" ಅಷ್ಟೇ. ಮತ್ತೆ ಅವನ ದನಿ ಬರಲಿಲ್ಲ.

ಕ್ಯಾಸ್‌ನ ಕೈ ಚುಕ್ಕಾಣಿ ತಿರುಗಿಸಿತು. ಅಷ್ಟರಲ್ಲಿ ಮನಸ್ಸು ತನ್ನಷ್ಟಕ್ಕೆ ತಾನು ಲೆಕ್ಕ ಮಾಡಿ ಮುಗಿಸಿತ್ತು. ಎಂಟರಲ್ಲಿ ನಾಲ್ಕು ಕಳೆದರೆ ನಾಲ್ಕು.

ಬ್ರೂನೋನ ಕೂಗು ಕೇಳಿಸಿಕೊಂಡ ರಕ್ಷಣಾ ದೋಣಿಯವನು ರೇಡಿಯೋದಲ್ಲೇ ಕೇಳಿದ: "ಎಂಟು ಅಂದ್ರಲ್ಲ ಅವ್ರು? ನಾವು ಎಂಟಕ್ಕೇ ಹೊರಟಿದೀವಿ."

"ಬೇಡ್ರಿ! ಎಂಟಲ್ಲ, ನಾಲ್ಕು. ಅವನ ಲೆಕ್ಕ ನಂಗೊಬ್ಬನಿಗೇ ಗೊತ್ತು. ಎಂಟಕ್ಕೆ ಹೋದ್ರೆ ಅವನು ಸತ್ತೇ ಹೋಗ್ತಾನೆ!"

ಇಪ್ಪತ್ತೆರಡು ವರ್ಷದ ಅನುಭವಿ, ಮೇಲಾಗಿ ಭಾವ. ಅವರು ನಂಬಿದರು. ಎರಡೂ ದೋಣಿ ನಾಲ್ಕನೆಯ ಮೈಲಿಯಲ್ಲಿ ಸುತ್ತು ಹೊಡೆದವು. ಕ್ಯಾಸ್ ಗಂಟಲು ಹರಿಯುವಂತೆ ಕೂಗಿದ. ಒಂದು ಗಂಟೆಯಾದರೂ ಏನೂ ಇಲ್ಲ, ತೇಲುವ ಹಲಗೆಯೂ ಇಲ್ಲ. ಹಲಗೆಯೆಂದರೆ ತೇಲಲೇಬೇಕಲ್ಲ ಎಂದು ಯೋಚಿಸುತ್ತಿದ್ದವನ ಕೈ ಚುಕ್ಕಾಣಿಯ ಮೇಲೇ ನಿಂತಿತು. ಜೀವ ಹೋಗುವ ಹೊತ್ತಿನಲ್ಲಿ ಯಾರಾದರೂ ಮೀನು ಬಚ್ಚಿಡುತ್ತಾರೆಯೇ?

ಬ್ರೂನೋ ಎಂಟನೆಯ ಮೈಲಿಯಲ್ಲಿದ್ದ. ಗಾಳದ ದಾರದಿಂದ ಕಿತ್ತಳೆ ಹಲಗೆಗೆ ಮುಂಗೈ ಬಿಗಿದುಕೊಂಡಿದ್ದ. ಆ ನೀರಿನಲ್ಲಿ ಮುಕ್ಕಾಲು ಗಂಟೆಯಾದರೂ ಬದುಕಿದ್ದಿರಬೇಕು ಎಂದರು ವೈದ್ಯರು. ಆ ಮಾತನ್ನು ಅವರು ಹೇಳದೆ ಇರಬಹುದಿತ್ತು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಲಿಯೋನಾ ಗಂಡನ ಮುಂದೆ ಸಾಸೇಜು, ಎಲೆಕೋಸಿನ ತಟ್ಟೆ ಇಟ್ಟು ಎದುರಿಗೆ ಕುಳಿತಳು.

"ಅವನು ಏನಂದ?"

"ಎಂಟು."

"ನೀನು ಏನಂದೆ?"

ಕ್ಯಾಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನೀನು ಏನಂದೆ ಅಂತ ಕೇಳ್ದೆ."

"ನಾಲ್ಕು."

"ಒಂದೇ ಒಂದು ಸಲ ನನ್ನ ತಮ್ಮ ನಿಜ ಹೇಳ್ದ. ಆವಾಗ್ಲಾದ್ರೂ ಅವನ್ನ ನಂಬೋಕಾಗ್ಲಿಲ್ವಾ ನಿಂಗೆ?"

ಅವಳು ಅವನನ್ನು ಬಿಟ್ಟುಹೋಗಲಿಲ್ಲ. ಮತ್ತೆ ಆ ಮಾತೂ ಎತ್ತಲಿಲ್ಲ. ಬೈದಿದ್ದರೆ ಕ್ಯಾಸ್‌ಗೆ ಸಮಾಧಾನವಾಗುತ್ತಿತ್ತೇನೋ.

ಜೂನ್‌ನಲ್ಲಿ ಅವನು ಮತ್ತೆ ದೋಣಿ ಇಳಿಸಿದ. ಅಂದಿನಿಂದ ಬೆಳಗ್ಗೆ ರೇಡಿಯೋ ಹಿಡಿದು ಊರಿಗೆಲ್ಲ ಕೇಳುವಂತೆ ನಿಜವನ್ನೇ ಹೇಳತೊಡಗಿದ: "ನಾನು ಕ್ಯಾಸ್. ದೀಪದಿಂದ ಉತ್ತರಕ್ಕೆ ಎಂಟು ಮೈಲಿ. ತಾಮ್ರದ ತಗಡು, ಎರೆಹುಳ, ಎಪ್ಪತ್ತಡಿ ದಾರ. ರಾಶಿ ಮೀನಿದೆ, ಬನ್ನಿ."

ಆದರೆ ಏಪ್ರಿಲ್‌ನಲ್ಲಿ ಅವನು ರಕ್ಷಣಾ ದೋಣಿಗೆ ಕೂಗಿ ಹೇಳಿದ್ದನ್ನು ಊರೇ ಕೇಳಿಸಿಕೊಂಡಿತ್ತು. ಅವನ ಲೆಕ್ಕ ಈಗ ಎಲ್ಲರಿಗೂ ಬಾಯಿಪಾಠ.

"ಮುದುಕ ಯಾರ ಕಿವಿ ಮೇಲೆ ಹೂ ಇಡ್ತಾನೆ? ನಾಲ್ಕು ಕಳೀರೋ!" ಎಂದು ರೇಡಿಯೋದಲ್ಲಿ ಯಾರೋ ನಕ್ಕರು.

ದೋಣಿಗಳೆಲ್ಲ ನಾಲ್ಕನೆಯ ಮೈಲಿಯಲ್ಲಿ ಸಾಲಾಗಿ ಹಲಗೆ ಬಿಟ್ಟವು. ಎಂಟನೆಯ ಮೈಲಿಯಲ್ಲಿ ಕ್ಯಾಸ್ ಒಬ್ಬನೇ ಎಂಜಿನ್ ನಿಲ್ಲಿಸಿ ಮತ್ತೆ ರೇಡಿಯೋ ಎತ್ತಿಕೊಂಡ.

"ಎಂಟೇ ಕಣ್ರೋ," ಎಂದ. "ನಿಜವಾಗ್ಲೂ ಎಂಟೇ."

ಯಾರೂ ಬರಲಿಲ್ಲ.