ಹೆಸರಿಲ್ಲದ ಎರಡು ಮೋಟಾರುಗಳು

ಆರ್.ಎಸ್. ಪುರಂನ ನಿವೃತ್ತ ಇಂಜಿನಿಯರ್ ವ್ಯಾಸರಾಯರಿಗೆ ಕಂಪನಿಯ ಹೆಸರು ಹೇಳಿ ಹೊಗಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಯಾವ ಪಂಪ್ ಕಂಪನಿಯ ಶೇರು ಕೊಳ್ಳಬೇಕೆಂದು ನೆಂಟರು ಕೇಳಿದರೆ, ಪೈಪೋಟಿಯ ಎರಡೂ ಕಂಪನಿಗಳ ಮೋಟಾರು ತರಿಸಿ, ಫಿಟ್ಟರ್ ಕೈಯಲ್ಲಿ ಹೆಸರಿನ ತಗಡು ಕೀಳಿಸಿ, ಒಂದೇ ಕರಿ ಬಣ್ಣ ಬಳಿಸಿ, ಕಾರಮಡೈಯ ಬಾವಿಯಲ್ಲಿ ನೀರೆತ್ತಿಸಿ ಅಳೆಯುತ್ತಿದ್ದರು.

೧೯೫೬ರಲ್ಲಿ ಒಂದು ಬೆಳಿಗ್ಗೆ ಬಂದು ನೋಡಿದರೆ ಒಂದು ಮೋಟಾರಿಗೆ ಮಾತ್ರ ಕುಂಕುಮ ಹಚ್ಚಿತ್ತು.

"ಯಾರದಿದು ಕೆಲಸ?"

"ನಾನೇ ಭಾವ," ಎಂದ ಹೆಂಡತಿಯ ತಮ್ಮ ನಾರಾಯಣ. "ಫಿಟ್ಟರನ್ನ ಕೇಳಿ ತಿಳ್ಕೊಂಡೆ. ನನ್ ಶೇರಿರೋ ಕಂಪನಿದು. ಓಡ್ಸೋ ಮುಂಚೆ ಒಂದು ಕುಂಕುಮದ ಪೊಟ್ಟು ಇಡಬಾರ್ದಾ?"

ವ್ಯಾಸರಾಯರು ಅಳೆಯದೆಯೇ ಎರಡನ್ನೂ ಬಾವಿಯಿಂದ ಬಿಚ್ಚಿಸಿದರು.

"ನನ್ ಶೇರೂ ಅದರಲ್ಲೇ ಇದೆ, ಮುಠ್ಠಾಳ. ಯಾವುದು ಅಂತ ನನಗೆ ಗೊತ್ತಾಗಬಾರದು ಅಂತಲೇ ಬಣ್ಣ ಬಳಿಸಿದ್ದು."