ರೇಡಿಯೋ ಹಿಂದೆ ಸಿಕ್ಕ ಬರ್ಗರ್

ಧೂಳು ಒರೆಸಲು ರೇಡಿಯೋ ಸರಿಸಿದ ಜಯಮ್ಮ, "ಅವ್ವಾರೆ, ಇದ್ಯಾವ ಬನ್ನು ಇಲ್ಲಿ ಮಡಗಿದ್ದೀರಿ?" ಎಂದು ಕಾಗದದ ಪೊಟ್ಟಣವೊಂದನ್ನು ನನ್ನ ಕೈಗಿತ್ತಳು. ಬಿಚ್ಚಿದರೆ ಬರ್ಗರ್! ಒಂದೇ ಒಂದು ಬೈಟ್ ತಿಂದದ್ದು. ನಮ್ಮ ಯಜಮಾನರ ಓರೆಹಲ್ಲಿನ ಗುರುತು ಹಾಗೇ ಇತ್ತು.

ಬೇಸಿಗೆಯ ಶುರುವಿನಲ್ಲಿ, ಚನ್ನಪಟ್ಟಣದ ಹತ್ತಿರ ಹೈವೇಯಲ್ಲಿ ಹೊಸದಾಗಿ ತೆರೆದ ಅಂಗಡಿಯಿಂದ ಆಸೆಪಟ್ಟು ತಂದಿದ್ದರು. "ಬಿ.ಪಿ. ಇಟ್ಟುಕೊಂಡು ಇದೆಂಥ ನಾನ್‌ಸೆನ್ಸ್? ಬಿಸಾಕಿ!" ಎಂದು ನಮ್ಮ ಕಾನ್ವೆಂಟಿನ ಮದರ್ ಹಾಗೆ ಗದರಿದ್ದೆ. ಅವರು ಬಿಸಾಕಿರಲಿಲ್ಲ, ಬಚ್ಚಿಟ್ಟಿದ್ದರು. ಅದೇ ವಾರ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. ಅದಾಗಿ ಎರಡು ತಿಂಗಳಾಗಿತ್ತು.

"ಕೆಟ್ಟೇ ಇಲ್ವಲ್ಲೇ! ಏನು ಕೆಮಿಕಲ್ ಹಾಕಿರ್ತಾರೋ" ಎಂದೆ.

ಜಯಮ್ಮ ಬೆರಳಲ್ಲಿ ತಟ್ಟಿ ನೋಡಿದಳು. "ಕೆಮಿಕಲ್ಲೂ ಇಲ್ಲ, ಮಣ್ಣೂ ಇಲ್ಲ ಕಣವ್ವ. ಬ್ಯಾಸ್ಗೆ ಬಿಸ್ಲಿಗೆ ಸಂಡಿಗೆ ಹಂಗೆ ಒಣಗೈತೆ. ಒಸಿ ತ್ಯಾವ ತಗುಲ್ಲಿ, ಎರಡೇ ದಿನಕ್ಕೆ ಬೂಷ್ಟು ಬತ್ತದೆ. ಬಿಸಾಕ್ಬುಡ್ಲಾ?"

ನಾನು ಹಲ್ಲಿನ ಗುರುತು ತೋರಿಸಿದೆ. ಅವಳು ಒಂದು ಬಿಸ್ಕತ್ ಡಬ್ಬಿಯನ್ನು ಒಣಬಟ್ಟೆಯಲ್ಲಿ ಒರೆಸಿ ತಂದಳು.

ಈಗ ಮಳೆಗಾಲ. ದಿನಕ್ಕೊಮ್ಮೆ ಆ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತೇನೆ, ಮೊದಲು ಕಣ್ಣು ಒರೆಸಿಕೊಂಡು.